ಕಿವಿಯಾಗ ಒಂದು ಮಾತು

ನಮ್ಮ ಹುಬ್ಬಳ್ಳಿ ಮಂದಿಗೆ ಪಿಸುಮಾತು ಒಗ್ಗುವುದಿಲ್ಲ. "ಯಾರ ಮುಂದೂ ಹೇಳಬ್ಯಾಡ್ರೀ ಮತ್ತ" ಅಂತ ಚೆನ್ನಮ್ಮ ಸರ್ಕಲ್ಲಿನಲ್ಲಿ ಬಸ್ಸು ಹತ್ತಿದ ಗುಟ್ಟು, ನವಲೂರು ದಾಟುವಷ್ಟರಲ್ಲಿ ಕಂಡಕ್ಟರಿಗೂ ಗೊತ್ತಾಗಿರುತ್ತದೆ. ಧಾರವಾಡದವರು ತಾವು ಮೆತ್ತಗಿನ ಮಾತಿನವರೆಂದು ಬೀಗುತ್ತಾರೆ. ಬೀಗಲಿ. ಕಚೇರಿಯಲ್ಲಿ ವಿಳಂಬಿತ ಖ್ಯಾಲು ನಡೆದಾಗ ಹಿಂದಿನ ಸಾಲಿನಿಂದ "ಸೊಸಿ ಸಿಟ್ಟಿಗೆದ್ದು ಸೀದಾ ಶಿರಸಿಗೆ ಹೋದ್ಲಂತ" ಎಂಬ ಸುದ್ದಿ ತಂಬೂರಿಯನ್ನೂ ದಾಟಿ ಮುಂದೆ ಕೂತವರ ಕಿವಿಗೆ ಬೀಳುತ್ತದೆ.

ಈ ಚಾಡಿಕೋರತನ ಸಕಾರದ್ದು. ಪಿಸುಗುಟ್ಟುವಾಗ ಧ್ವನಿತಂತುಗಳು ಕಂಪಿಸುವುದಿಲ್ಲ, ಬರೀ ಗಾಳಿ ಹಾಯುತ್ತದೆ. ಸ್ವರಗಳೆಲ್ಲ ಸೊರಗುತ್ತವೆ. ಸ, ಶ ಹುಟ್ಟುವುದೇ ನಾಲಿಗೆಯ ಸಂದಿಯ ಗಾಳಿಯಿಂದ. ಕಂಠದ ಹಂಗು ಅವಕ್ಕಿಲ್ಲ. ಸಕಾರದ ಬಲವೆಲ್ಲ ಹೆಚ್ಚುಕಡಿಮೆ ಸೆಕೆಂಡಿಗೆ 4,000 ಕಂಪನಗಳ ಮೇಲೆ. ಬಸ್ಸಿನ ಎಂಜಿನ್ನಿನ ಗುಡುಗು ಬಹಳ ಕೆಳಗೆ. ಹಾಗಾಗಿ ಆ ಗದ್ದಲ ಇದನ್ನು ಮುಚ್ಚುವುದಿಲ್ಲ. ಮಾತು ತಿಳಿಯದಿದ್ದರೂ ಗುಟ್ಟು ನಡೆದಿದೆ ಎಂದು ತಿಳಿಯುತ್ತದೆ, ಇಡೀ ಬಸ್ಸು ಕಿವಿ ನಿಗುರಿಸುತ್ತದೆ.

ಇನ್ನೊಂದು ಪೇಚು. ಕ-ಗ, ತ-ದ, ಪ-ಬಗಳನ್ನು ಬೇರೆ ಮಾಡುವುದು ಮುಖ್ಯವಾಗಿ ಆ ಕಂಪನವೇ. ಅದು ನಿಂತರೆ "ಪ್ಯಾಟ್ಯಾಗ ಕಂಡ" ಎಂದದ್ದು "ಪ್ಯಾಟ್ಯಾಗ ಗಂಡ" ಆಗಬಹುದು. ಅರೆಗಿವಿಯ ಸುದ್ದಿಗೆ ಕಾಲು ಜಾಸ್ತಿ. ಹಳೆಯ ಹಂಚಿನ ಮನೆಗಳಲ್ಲಂತೂ ಒಳಗೋಡೆ ಮಾಡಿನ ತನಕ ಹೋಗುವುದೇ ಇಲ್ಲ. ನಡುಮನೆಯಲ್ಲಿ ಪಿಸುಗುಟ್ಟಿದ್ದು ಗೋಡೆಯ ನೆತ್ತಿ ಹತ್ತಿ ಪಡಸಾಲೆಗೆ ಇಳಿಯುತ್ತದೆ.

ಪಿಸುಮಾತಿಗೆ ರಾಜಮರ್ಯಾದೆ ಸಿಕ್ಕಿದ್ದು ವಿಜಯಪುರದ ಗೋಳಗುಮ್ಮಟದಲ್ಲಿ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಗೋರಿ ಅದು. ಮೇಲಿನ ಮೊಗಸಾಲೆಯಲ್ಲಿ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಗುಮ್ಮಟದ ಆಚೆ ದಂಡೆಯವರಿಗೆ ಕೇಳುತ್ತದೆ. ದನಿ ಬಾಗಿದ ಗೋಡೆಯನ್ನು ತಬ್ಬಿಕೊಂಡೇ ಸುತ್ತುತ್ತದೆ. ದನಿ ತೀಕ್ಷ್ಣವಾದಷ್ಟೂ ಅಪ್ಪುಗೆ ಬಿಗಿ. ಅಲ್ಲಿಯೂ ಸಕಾರದ್ದೇ ದರ್ಬಾರು! ಲಂಡನ್ನಿನ ಸೇಂಟ್ ಪಾಲ್ಸ್ ಗುಮ್ಮಟದ ಇಂಥದೇ ಚಮತ್ಕಾರವನ್ನು ರೇಲಿ ಎಂಬ ವಿಜ್ಞಾನಿ ಬಿಡಿಸಿ ಹೇಳಿದ; 1921ರಲ್ಲಿ ನಮ್ಮ ಸಿ.ವಿ. ರಾಮನ್ ಅಲ್ಲಿಗೇ ಹೋಗಿ ಪರೀಕ್ಷಿಸಿದರು. ನಮ್ಮ ಶಾಲೆಯ ಹುಡುಗರು ಗೋಳಗುಮ್ಮಟಕ್ಕೆ ಹೋಗಿ ಮಾಡುವ ಪರೀಕ್ಷೆ ಒಂದೇ: "ಹೋ!"

ನಿಜವಾಗಿ ಕೇಳಿಸಬಾರದು ಅಂದರೆ ಪಿಸುಗುಟ್ಟಲೇಬಾರದು. ನಮ್ಮ ಕಡೆಯ ಹಳೆಯ ಹೆಂಗಸರಿಗೆ ಇದು ಗೊತ್ತು. ತೊಗರಿಬ್ಯಾಳಿ ರೇಟು ಹೇಳುವ ಧಾಟಿಯಲ್ಲಿ, ಕಂಠದಿಂದಲೇ, ತಗ್ಗಿದ ದನಿಯಲ್ಲಿ ಬೀಗರ ಮನೆಯ ಹಗರಣ ಮುಗಿಸಿರುತ್ತಾರೆ. ಪಕ್ಕದವರು ತಲೆ ಎತ್ತಿಯೂ ನೋಡುವುದಿಲ್ಲ.

ಅವರಿಗಿಂತ ಘಾಟಿಗಳು ದನದ ಸಂತೆಯ ದಲಾಲಿಗಳು. ಹೆಗಲ ಮೇಲಿನ ಟಾವೆಲ್ ಇಳಿಸಿ ಇಬ್ಬರ ಅಂಗೈ ಮೇಲೆ ಹೊದಿಸುತ್ತಾರೆ. ಒಳಗೆ ಬೆರಳು ಹಿಡಿದು, ಒತ್ತಿ, ಬಿಟ್ಟು ರೇಟು ಕೂಡಿಸುತ್ತಾರೆ. ಬಾಯಲ್ಲಿ ಮಾತ್ರ ಮಳೆ-ಬೆಳೆ ಸುದ್ದಿ, ಅದೂ ನಾಲ್ಕು ಮಂದಿಗೆ ಕೇಳುವಂತೆ.