ಸೆರೆಯಾಳಿನ ಚಿಕಿತ್ಸೆ ಮತ್ತು ಸರ್ಕಾರದ ಹೊಣೆ

ಭದ್ರಾವತಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು ಮಂಡಿಯ ಶಸ್ತ್ರಚಿಕಿತ್ಸೆಗೆ ಸಾಲ ಮಾಡುವಾಗ, ಶಿವಮೊಗ್ಗದ ಸೋಗಾನೆ ಕೇಂದ್ರ ಕಾರಾಗೃಹದ ಕೈದಿಯೊಬ್ಬನಿಗೆ ಲಿಂಗಪರಿವರ್ತನೆಯ ಶಸ್ತ್ರಚಿಕಿತ್ಸೆಯನ್ನು ಸರ್ಕಾರ ತನ್ನ ಬೊಕ್ಕಸದಿಂದ ಏಕೆ ಮಾಡಿಸಬೇಕು? ಗಾಂಧಿಬಜಾರಿನ ಅಂಗಡಿಗಳಲ್ಲಿ ಈ ಪ್ರಶ್ನೆ ಎದ್ದರೆ ಅದನ್ನು ನಿರ್ದಯವೆಂದು ತಳ್ಳಿಹಾಕಲಾಗದು. ತೆರಿಗೆ ತೆತ್ತವನು ಲೆಕ್ಕ ಕೇಳುವುದು ನ್ಯಾಯವೇ. ಆದರೆ ಆ ಕಾರ್ಮಿಕನ ಸಾಲಕ್ಕೆ ಉತ್ತರ ಹೇಳಬೇಕಾದದ್ದು ಸರ್ಕಾರ. ಅದನ್ನು ಕೈದಿಯ ಖಾತೆಗೆ ಖರ್ಚು ಬರೆಯುವುದು ಯಾವ ಗುಮಾಸ್ತನೂ ಒಪ್ಪದ ಲೆಕ್ಕ.

2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ವ್ಯಕ್ತಿಯು ತನ್ನ ಲಿಂಗತ್ವವನ್ನು ತಾನೇ ನಿರ್ಧರಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. 2019ರ ಕಾಯಿದೆಯ 15ನೆಯ ಕಲಮು ಇಂತಹ ಶಸ್ತ್ರಚಿಕಿತ್ಸೆ, ಹಾರ್ಮೋನು ಚಿಕಿತ್ಸೆಗಳ ಸೌಲಭ್ಯ ಒದಗಿಸುವ ಹೊಣೆಯನ್ನು ಸರ್ಕಾರಕ್ಕೆ ವಹಿಸಿತು. ಸೆರೆಯಾಳನ್ನು ಅದರಿಂದ ಹೊರಗಿಡಲಿಲ್ಲ. ಹೊರಗಿನ ರೋಗಿ ಸಾಲ ಮಾಡಿಯಾದರೂ ಬೇರೆ ವೈದ್ಯನ ಬಳಿ ಹೋದಾನು. ಕೈದಿಗೆ ಆ ದಾರಿಯಿಲ್ಲ, ಬೀಗದ ಕೈ ಸರ್ಕಾರದ ಬಳಿಯಿದೆ. ನ್ಯಾಯಾಲಯ ವಿಧಿಸಿದ ಶಿಕ್ಷೆಯಲ್ಲಿ ಚಿಕಿತ್ಸೆಯ ನಿರಾಕರಣೆ ಸೇರಿಲ್ಲ.

ಇದು ನಿಜವಾದ ಅಗತ್ಯವೋ ಮನಸ್ಸಿನ ಚಾಪಲ್ಯವೋ ಎಂದು ಶಂಕಿಸುವವರು ಹತ್ತನೆಯ ಶತಮಾನದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯ ಗೊಮ್ಮಟಸಾರವನ್ನು ತೆರೆಯಬಹುದು. ಶರೀರಕ್ಕೆ ಸೇರಿದ ದ್ರವ್ಯವೇದವೂ ಅಂತರಂಗದ ಭಾವವೇದವೂ ಪ್ರಾಯಶಃ ಸಮಾನವಾಗಿರುತ್ತವೆ, ಕೆಲವೆಡೆ ಭಿನ್ನವಾಗಿರುತ್ತವೆ ಎಂಬ ಮಾತು ಅಲ್ಲಿದೆ. ಅದು ಶಸ್ತ್ರಚಿಕಿತ್ಸೆಯ ಸಮರ್ಥನೆಯಲ್ಲ, ಗ್ರಂಥದ ಪ್ರಕರಣವೇ ಬೇರೆ. ಆದರೆ ಆ ಭಿನ್ನತೆಯನ್ನು ಹುಸಿಯೆನ್ನಲು ಶ್ರಾವಕನಿಗೆ ಎಡೆಯಿಲ್ಲ.

ಕೇಳಿದವರಿಗೆಲ್ಲ ಕೇಳಿದೊಡನೆ ಮಾಡಿಸಬೇಕೆಂದೂ ಅಲ್ಲ. ನಾಳೆ ಜಾಮೀನು ದೊರೆಯಬಹುದಾದ ವಿಚಾರಣಾಧೀನನು ಶಸ್ತ್ರಚಿಕಿತ್ಸೆಗೆ ಕಾಯಬಹುದು. ಮೊದಲಿನಿಂದ ನಡೆದುಬಂದ ಹಾರ್ಮೋನು ಚಿಕಿತ್ಸೆ ಮಾತ್ರ ಒಂದು ದಿನವೂ ತಪ್ಪಬಾರದು. ದೀರ್ಘಾವಧಿಯ ಶಿಕ್ಷೆಯವರಿಗೆ ತಜ್ಞ ವೈದ್ಯರು ಅಗತ್ಯವೆಂದು ಬರೆದುಕೊಟ್ಟಲ್ಲಿ ಶಸ್ತ್ರಚಿಕಿತ್ಸೆಯ ವೆಚ್ಚವನ್ನೂ ಸರ್ಕಾರವೇ ಭರಿಸತಕ್ಕದ್ದು.