ಏಳು ಸೆಕೆಂಡಿನ ರಸ್ತೆ

ಬೆಳಗಾವಿ–ಬಾಗಲಕೋಟೆ ರಸ್ತೆಯೂ ಬೈಲಹೊಂಗಲ–ಗೋಕಾಕ ರಸ್ತೆಯೂ ಕೂಡುವ ಊರು ನೇಸರಗಿ. ಕಬ್ಬಿನ ಹಂಗಾಮು ಶುರುವಾಯಿತೆಂದರೆ ಒಂದೊಂದು ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರೇಲರ್. ಅವುಗಳ ಮರೆಯಿಂದ ಬೈಕು, ಕಾರುಗಳು ನುಗ್ಗಿ ಬರುತ್ತವೆ. ಶಾಲೆಯ ಮಕ್ಕಳು ದಾಟಬೇಕಾದದ್ದೂ ಇದೇ ರಸ್ತೆಯನ್ನೇ. "ಗಾಡಿ ಬರತಾವ, ಎರಡೂ ಕಡೆ ನೋಡ್ಕೊಂಡ ದಾಟ ತಮ್ಮಾ" ಎಂದು ಅವ್ವಂದಿರು ಹೇಳಿ ಕಳಿಸುತ್ತಾರೆ. ನಾವೂ ಈ ಮಾತು ಕೇಳಿಯೇ ಬೆಳೆದವರು.

ಈ ಮಾತನ್ನು ಪಾಲಿಸಲು ಮಗುವಿಗೆ ಸಾಧ್ಯವೇ ಎಂದು ಒಮ್ಮೆ ಲೆಕ್ಕ ಹಾಕಿದೆ. 7 ಮೀಟರ್ ಅಗಲದ ರಸ್ತೆ ದಾಟಲು ಸಣ್ಣ ಮಗುವಿಗೆ ಸುಮಾರು 7 ಸೆಕೆಂಡ್ ಬೇಕು. ಗಂಟೆಗೆ 60 ಕಿ.ಮೀ. ವೇಗದ ಗಾಡಿ ಅಷ್ಟರಲ್ಲಿ 115 ಮೀಟರಿಗೂ ಹೆಚ್ಚು ದೂರ ಬಂದಿರುತ್ತದೆ. ಅಂದರೆ ನೂರು ಮೀಟರ್ ಆಚೆಯ ಗಾಡಿಯ ವೇಗವನ್ನು ಎರಡನೇ ತರಗತಿಯ ಮಗು ಕಣ್ಣಳತೆಯಲ್ಲೇ ಅಂದಾಜು ಮಾಡಬೇಕು. ಎಷ್ಟೇ ಕಲಿಸಿದರೂ ಸಣ್ಣ ಮಕ್ಕಳನ್ನು ವಾಹನ ಸಂಚಾರಕ್ಕೆ ಪೂರ್ತಿ ಹೊಂದಿಸಲಾಗದು ಎಂದು ಸ್ವೀಡನ್ನಿನ ಮನಶ್ಶಾಸ್ತ್ರಜ್ಞೆ ಸ್ಟೀನಾ ಸಾಂಡೆಲ್ಸ್ 1960ರ ದಶಕದಲ್ಲೇ ತೋರಿಸಿದ್ದರು. ಹಾಗಾದರೆ ಹೊಂದಿಕೊಳ್ಳಬೇಕಾದದ್ದು ರಸ್ತೆ, ಮಗುವಲ್ಲ.

ನಮ್ಮ ಕಡೆ ಅಪಘಾತವಾದ ಮೇಲೆ ಜನ ಕೂಡುತ್ತಾರೆ, ರಸ್ತೆ ತಡೆಯುತ್ತಾರೆ, ಆಮೇಲೆ ಹಂಪ್ ಬೀಳುತ್ತದೆ. ಜನ ಕೂಡಿದರೆ ಕೆಲಸವಾಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ಆದರೆ ಆ ಹಂಪಿನ ಬೆಲೆಯನ್ನು ಯಾವುದೋ ಒಂದು ಮನೆಯವರು ಆಗಲೇ ತೆತ್ತಿರುತ್ತಾರೆ.

ಮೊದಲೇ ಕೂಡುವ ದಾರಿಯೊಂದು ನಮ್ಮಲ್ಲೇ ಇದೆ. ಕುಂದಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಮಕ್ಕಳು 1990ರ ದಶಕದಲ್ಲೇ ತಮ್ಮದೇ ಮಕ್ಕಳ ಪಂಚಾಯಿತಿ ಕಟ್ಟಿಕೊಂಡರು. ಹಳ್ಳ ದಾಟಿ ಶಾಲೆಗೆ ಹೋಗಲು ಕಾಲುಸಂಕ ಬೇಕೆಂದು ಕೇಳಿದರು. ಆ ಅನುಭವದ ಬಲದಿಂದಲೇ 2006ರಲ್ಲಿ ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ಸರ್ಕಾರಿ ಆದೇಶ ರಾಜ್ಯದ ಗ್ರಾಮ ಪಂಚಾಯಿತಿಗಳಿಗೆ ಬಂತು.

ಹಳ್ಳಕ್ಕೆ ಸಂಕ ಕೇಳಿದಂತೆ ರಸ್ತೆಗೂ ಕೇಳಬಹುದಲ್ಲ? ಯಾವ ತಿರುವಿನಲ್ಲಿ ಗಾಡಿ ಕಾಣುವುದಿಲ್ಲ, ಎಲ್ಲಿ ನಿಲ್ಲಿಸಿದ ಟ್ರ್ಯಾಕ್ಟರ್ ದಾರಿಗೆ ಅಡ್ಡವಾಗುತ್ತದೆ ಎಂಬುದು ದಿನಾ ನಡೆಯುವ ಮಕ್ಕಳಿಗೆ ಎಂಜಿನಿಯರಿಗಿಂತ ಚೆನ್ನಾಗಿ ಗೊತ್ತು. ಅವರು ಹೇಳಿದ್ದನ್ನು ಠರಾವು ಮಾಡಿ ಲೋಕೋಪಯೋಗಿ ಇಲಾಖೆಗೆ ಕಳಿಸುವುದು ಪಂಚಾಯಿತಿಯ ಕೆಲಸ. ಟ್ರೇಲರಿನ ಹಿಂದೆ ರಿಫ್ಲೆಕ್ಟರ್ ಅಂಟಿಸುವುದು ಮಾಲೀಕರ ಕೆಲಸ. ಶಾಲೆ ಬಿಡುವ ಹೊತ್ತಿಗೆ ಕೈಯಲ್ಲಿ ಕೆಂಪು ಬಟ್ಟೆ ಹಿಡಿದು ಅರ್ಧ ತಾಸು ರಸ್ತೆ ಬದಿ ನಿಲ್ಲಲು ಕಟ್ಟೆಯ ಮೇಲೆ ಕೂತಿರುವ ನಾಲ್ಕು ಮಂದಿ ಸಾಕು. ಅದಕ್ಕೆ ಯಾವ ಆದೇಶವೂ ಬೇಕಿಲ್ಲ.