ಪಿಯಾನೊದೊಳಗಿನ ನಗಾರಿ

1942ರ ಜನವರಿ 1. ಪರ್ಲ್ ಹಾರ್ಬರ್ ಮೇಲೆ ಜಪಾನಿನ ಬಾಂಬುಗಳು ಬಿದ್ದು ಇನ್ನೂ ನಾಲ್ಕು ವಾರ ತುಂಬಿರಲಿಲ್ಲ. ಅಮೆರಿಕ ಯುದ್ಧಕ್ಕೆ ಇಳಿದಾಗಿತ್ತು. ಅಂಥ ಹೊಸ ವರ್ಷದ ಮೊದಲ ದಿನ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಫಿಲ್‌ಹಾರ್ಮೊನಿಕ್ ವಾದ್ಯವೃಂದ ಹೊಸ ಕೃತಿಯೊಂದನ್ನು ನುಡಿಸಿತು. ವೃಂದದ ನಿರ್ದೇಶಕ ದಿಮಿತ್ರಿ ಮಿತ್ರೊಪೌಲೊಸ್. ಪಿಯಾನೊದ ಮುಂದೆ ಕುಳಿತವನು ಯೂಜಿನ್ ಲಿಸ್ಟ್ ಎಂಬ ಇಪ್ಪತ್ತಮೂರರ ತರುಣ. ಕೃತಿಯನ್ನು ರಚಿಸಿದವನು ಮೆಕ್ಸಿಕೋದ ಕಾರ್ಲೋಸ್ ಚಾವೆಸ್.

ಮೆಕ್ಸಿಕೋ ಎಂದರೆ ಅಗಲ ಅಂಚಿನ ಟೋಪಿ, ಗಿಟಾರು, ಕುಣಿತ, ಹಾಡು ಎಂದುಕೊಂಡು ಬಂದವರಿಗೆ ಅಂದು ಸಿಕ್ಕಿದ್ದು ಬೇರೆಯೇ. ಸುಮಾರು ಮೂವತ್ತೈದು ನಿಮಿಷದ ಈ ಕಾನ್ಸರ್ಟೊದಲ್ಲಿ ಗುನುಗಿಕೊಂಡು ಮನೆಗೆ ಹೋಗಬಹುದಾದ ಧಾಟಿ ಸುಲಭಕ್ಕೆ ಕೈಗೆ ಹತ್ತುವುದಿಲ್ಲ. ಪಿಯಾನೊ ಇಲ್ಲಿ ಹಾಡುವುದಕ್ಕಿಂತ ಹೆಚ್ಚಾಗಿ ಬಡಿಯುತ್ತದೆ. ಒಂದೇ ಸ್ವರವನ್ನು ಕುಟ್ಟಿ ಕುಟ್ಟಿ ಕೇಳುತ್ತದೆ. ತುಂಬಿ ತುಳುಕುವ ಸ್ವರಗುಚ್ಛಗಳ ಬದಲು ತೆಳ್ಳನೆಯ, ಎಲುಬು ಕಾಣುವಂಥ ಎಳೆಗಳು. ಬೆಲ್ಲ ಹಾಕಲು ಮರೆತ ಪಾಯಸವೇನೋ ಎಂದು ಮೊದಲ ಸಲ ಕೇಳಿದವರಿಗೆ ಅನಿಸಿದರೆ ತಪ್ಪಿಲ್ಲ. ಆದರೆ ಇದು ಮರೆವಲ್ಲ. ಬೆಲ್ಲ ಬೇಡವೆಂದು ತೀರ್ಮಾನಿಸಿಯೇ ಇಟ್ಟ ಅಡುಗೆ.

ಈ ತೀರ್ಮಾನದ ಹಿಂದೆ ಒಂದು ಬದುಕಿದೆ. ಚಾವೆಸ್ ಹುಟ್ಟಿದ್ದು 1899ರಲ್ಲಿ, ಮೆಕ್ಸಿಕೋ ನಗರದಲ್ಲಿ. ತಾತ ಹೊಸೆ ಮರಿಯಾ ಚಾವೆಸ್ ಆಗ್ವಾಸ್ಕಾಲಿಯೆಂತೆಸ್ ಪ್ರಾಂತ್ಯದ ಗವರ್ನರ್ ಆಗಿದ್ದವನು. 1864ರಲ್ಲಿ ಫ್ರೆಂಚ್ ಸೇನೆ ಅವನನ್ನು ಹಿಡಿದು ಗುಂಡಿಕ್ಕಿ ಕೊಂದಿತ್ತು. ಪರದೇಶದವರ ದಬ್ಬಾಳಿಕೆ ಎಂಬುದು ಆ ಮನೆಗೆ ಪುಸ್ತಕದ ಮಾತಾಗಿರಲಿಲ್ಲ. ತಂದೆ ಬೇಗನೆ ತೀರಿಕೊಂಡರು. ಅಣ್ಣ ಮನುಯೆಲ್ ತಮ್ಮನ ಬೆರಳುಗಳನ್ನು ಪಿಯಾನೊದ ಮೇಲೆ ಕೂರಿಸಿದ. ಬಳಿಕ ಹುಡುಗ ಮನುಯೆಲ್ ಪೋನ್ಸೆ ಎಂಬ ಸಂಗೀತಗಾರನ ಶಿಷ್ಯನಾದ.

ಪೋನ್ಸೆ ಬರ್ಲಿನ್‌ಗೆ ಹೋಗಿ ಕಲಿತು ಬಂದವನು. ಅಲ್ಲಿನ ಅವನ ಗುರು ಮಾರ್ಟಿನ್ ಕ್ರೌಸೆ ಮಹಾನ್ ಪಿಯಾನೊ ವಾದಕ ಫ್ರಾನ್ಸ್ ಲಿಸ್ಟ್‌ನ ಶಿಷ್ಯ. 1912ರ ಜುಲೈಯಲ್ಲಿ ಪೋನ್ಸೆ ಮೆಕ್ಸಿಕೋ ನಗರದ ಅರ್ಬೆವು ರಂಗಮಂದಿರದಲ್ಲಿ ತನ್ನದೇ ಪಿಯಾನೊ ಕಾನ್ಸರ್ಟೊ ನುಡಿಸಿದ. ಆಗ ಶಿಷ್ಯನಿಗೆ ಹದಿಮೂರು ವರ್ಷ. ಗುರುವಿನ ಕಾನ್ಸರ್ಟೊ ಯುರೋಪಿನ ರೊಮ್ಯಾಂಟಿಕ್ ಉಡುಗೆ ತೊಟ್ಟದ್ದು. ಹಳ್ಳಿಯ ಹಾಡುಗಳನ್ನು ಹೆಕ್ಕಿ ತಂದು ಪಟ್ಟಣದ ದಿವಾನಖಾನೆಗಳಲ್ಲಿ ಅವಕ್ಕೆ ಮರ್ಯಾದೆ ತಂದುಕೊಟ್ಟ ದೊಡ್ಡ ಮನಸ್ಸು ಪೋನ್ಸೆಯದು. ಅದೇ 1912ರಲ್ಲಿ ಅವನು ಬರೆದ 'ಎಸ್ಟ್ರೆಲ್ಯೀಟಾ' ಎಂಬ ಪುಟ್ಟ ಹಾಡು ಲೋಕವನ್ನೆಲ್ಲ ಸುತ್ತಿತು. ಕಾನ್ಸರ್ಟೊಗೆ ಆ ಭಾಗ್ಯ ಬರಲಿಲ್ಲ.

ಶಿಷ್ಯನ ದಾರಿ ಬೇರೆಯಾಯಿತು. ರಜೆ ಬಂದರೆ ಚಾವೆಸ್ ಮನೆಯವರು ತ್ಲಾಸ್ಕಲಾ ಮೊದಲಾದ ಕಡೆಗಳಿಗೆ ಹೋಗುತ್ತಿದ್ದರು. ಅಲ್ಲಿನ ಮೂಲನಿವಾಸಿಗಳ ಕೊಳಲು, ಡೋಲುಗಳ ಸದ್ದು ಹುಡುಗನ ಕಿವಿಯಲ್ಲಿ ಉಳಿದುಬಿಟ್ಟಿತ್ತು. ಸ್ಪೇನಿನವರು 1521ರಲ್ಲಿ ಅಜ್ಟೆಕ್ ರಾಜಧಾನಿಯನ್ನು ಕೆಡವಿದಾಗ ಗುಡಿಗಳ ಜೊತೆ ಅಲ್ಲಿನ ಸಂಗೀತವೂ ನೆಲಕ್ಕೆ ಬಿತ್ತು. ಅದನ್ನು ಬರೆದಿಟ್ಟವರಿಲ್ಲ. ವಾದ್ಯಗಳು ಮಾತ್ರ ಉಳಿದವು. ನಿಲ್ಲಿಸಿ ಬಾರಿಸುವ 'ವೇವೆತ್ಲ್' ಎಂಬ ನಗಾರಿ. ಮರದ ದಿಮ್ಮಿಯನ್ನು ಟೊಳ್ಳು ಮಾಡಿ, ಮೇಲೆ ಸೀಳಿ, ಎರಡು ನಾಲಿಗೆ ಬಿಡಿಸಿದ 'ತೆಪೊನಾಸ್ತ್ಲಿ'. ಆ ಎರಡು ನಾಲಿಗೆಗಳಿಂದ ಹೊರಡುವುದು ಎರಡೇ ಸ್ವರ.

1940ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಮೆಕ್ಸಿಕೋದ ಇಪ್ಪತ್ತು ಶತಮಾನಗಳ ಕಲೆಯ ಪ್ರದರ್ಶನ ಏರ್ಪಡಿಸಿತು. ಅದಕ್ಕೆಂದು ಚಾವೆಸ್ ಈ ಬಗೆಯ ವಾದ್ಯಗಳನ್ನು ಬಳಸಿ 'ಸೋಚಿಪಿಲಿ' ಎಂಬ ಕೃತಿ ರಚಿಸಿದ. ಅದು ಕಲ್ಪನೆಯ ಅಜ್ಟೆಕ್ ಸಂಗೀತ ಎಂದು ಅವನೇ ಹೆಸರಿನ ಕೆಳಗೆ ಬರೆದ. ಕಳೆದುಹೋದದ್ದು ಸಿಕ್ಕಿತೆಂದು ಸುಳ್ಳು ಹೇಳಲಿಲ್ಲ. ಆ ಪ್ರಾಮಾಣಿಕತೆ ದೊಡ್ಡದು.

1938ರಲ್ಲಿ ಗುಗೆನ್‌ಹೈಮ್ ಫೆಲೋಶಿಪ್ ಸಿಕ್ಕಿದಾಗ ಹಿಡಿದ ಪಿಯಾನೊ ಕಾನ್ಸರ್ಟೊವನ್ನು ಚಾವೆಸ್ ಮುಗಿಸಿದ್ದೂ ಅದೇ 1940ರಲ್ಲಿ. ಇಲ್ಲಿ ವೇವೆತ್ಲ್ ಇಲ್ಲ, ತೆಪೊನಾಸ್ತ್ಲಿಯೂ ಇಲ್ಲ. ಇರುವುದು ಯುರೋಪಿನಿಂದ ಹಡಗಿನಲ್ಲಿ ಬಂದ ಪಿಯಾನೊ. ಆದರೆ ಪಿಯಾನೊದ ಮುಚ್ಚಳ ತೆಗೆದು ನೋಡಿದರೆ ಗುಟ್ಟು ತಿಳಿಯುತ್ತದೆ. ಮನೆಯೊಂದಕ್ಕೆ ಒಂದೊಂದು ಸುತ್ತಿಗೆ, ಉಣ್ಣೆಯ ಮೆತ್ತೆ ಸುತ್ತಿದ್ದು. ಬೆರಳು ಒತ್ತಿದರೆ ಸುತ್ತಿಗೆ ಹಾರಿ ತಂತಿಗೆ ಹೊಡೆಯುತ್ತದೆ. ಹೊಡೆದ ಮೇಲೆ ಸ್ವರ ಕ್ಷೀಣಿಸುವುದೊಂದೇ ದಾರಿ. ಎಳೆದು, ಜಾರಿಸಿ, ತೂಗಿ ಗಮಕ ಹಾಕಲು ಅಲ್ಲಿ ಆಸ್ಪದವಿಲ್ಲ. ಅಂದರೆ ರೇಷ್ಮೆ ಉಟ್ಟ ಪಿಯಾನೊ ಒಳಗೊಂದು ನಗಾರಿಯೇ. ಶೋಪಾನ್‌ನಂಥವರು ಆ ಹೊಡೆತ ಕಿವಿಗೆ ಬೀಳದಂತೆ ಮರೆಸಿದರು. ಚಾವೆಸ್ ಮರೆ ಸರಿಸಿದ.

ಮೂರು ಭಾಗಗಳ ಕೃತಿಯಲ್ಲಿ ಮೊದಲನೆಯದೇ ಅರ್ಧಕ್ಕಿಂತ ಹೆಚ್ಚು. ನಿಧಾನವಾಗಿ ತೆರೆದುಕೊಂಡು, ಬಳಿಕ ಓಟ ಹಿಡಿದರೆ ವಾದಕನಿಗೆ ಉಸಿರಾಡಲು ಪುರಸೊತ್ತಿಲ್ಲ. ಎರಡನೆಯ ಭಾಗದಲ್ಲಿ ಎಲ್ಲ ತಣ್ಣಗಾಗುತ್ತದೆ. ಅಷ್ಟು ದೊಡ್ಡ ವಾದ್ಯವೃಂದ ಹಿಂದೆ ಸರಿದು, ಹಾರ್ಪ್‌ನಂಥ ಒಂದೆರಡು ವಾದ್ಯಗಳು ಮಾತ್ರ ಪಿಯಾನೊ ಜೊತೆ ಪಿಸುಮಾತಿಗೆ ಕೂರುತ್ತವೆ. ಗದ್ದಲದ ಸಂತೆ ಮುಗಿದ ಮೇಲೆ ಬಯಲಿನಲ್ಲಿ ಉಳಿಯುವ ಮೌನದಂತೆ. ಮೂರನೆಯದು ಚಿಕ್ಕದು, ಚುರುಕಿನದು.

ಇಷ್ಟಾದರೂ ಕಾನ್ಸರ್ಟೊ ಜನಪ್ರಿಯವಾಗಲಿಲ್ಲ. ಇದರಲ್ಲೊಂದು ವ್ಯಂಗ್ಯವಿದೆ. ಚಾವೆಸ್‌ನ ಗೆಳೆಯ, ಅಮೆರಿಕದ ಏರನ್ ಕೋಪ್ಲೆಂಡ್ ಮೆಕ್ಸಿಕೋದ ಜನಪದ ಧಾಟಿಗಳನ್ನು ಜೋಡಿಸಿ 'ಎಲ್ ಸಲೋನ್ ಮೆಹಿಕೊ' ಎಂಬ ಕೃತಿ ಬರೆದ. 1937ರಲ್ಲಿ ಮೆಕ್ಸಿಕೋ ನಗರದಲ್ಲಿ ಅದನ್ನು ಮೊದಲು ನುಡಿಸಿದ್ದು ಚಾವೆಸ್‌ನದೇ ವಾದ್ಯವೃಂದ. ಅದು ಜಗತ್ತಿನ ಕಛೇರಿಗಳಲ್ಲೆಲ್ಲ ಮನೆಮಾತಾಯಿತು. ಬಂದುಹೋದ ಅತಿಥಿ ಬರೆದ ಮೆಕ್ಸಿಕೋ ಎಲ್ಲರಿಗೂ ಬೇಕಾಯಿತು. ಮನೆಯವನೇ ಬರೆದ ಮೆಕ್ಸಿಕೋ ಕಪಾಟು ಸೇರಿತು. ಬುಡಕಟ್ಟು ಜನರ ಧಾಟಿಗಳನ್ನು ನೇರವಾಗಿ ಬಳಸಿ ಚಾವೆಸ್ 1935-36ರಲ್ಲಿ ಬರೆದ 'ಸಿನ್‌ಫೋನಿಯಾ ಇಂಡಿಯಾ' ಅವನ ಅತಿ ಹೆಚ್ಚು ಹೆಸರಾದ ಕೃತಿ ಎಂಬುದನ್ನೂ ಇದರ ಪಕ್ಕಕ್ಕಿಟ್ಟು ನೋಡಬೇಕು. ನಾಡಿನ ಗುರುತು ಉಡುಪಿನಲ್ಲಿದ್ದರೆ ಲೋಕ ಬೇಗ ಮೆಚ್ಚುತ್ತದೆ. ಎಲುಬಿನಲ್ಲಿದ್ದರೆ ಕಾಯಬೇಕಾಗುತ್ತದೆ.

ಮೊದಲು ನುಡಿಸಿದ ಯೂಜಿನ್ ಲಿಸ್ಟ್ ಸೈನ್ಯ ಸೇರಿದ. 1945ರ ಜುಲೈಯಲ್ಲಿ, ಪಾಟ್ಸ್‌ಡ್ಯಾಮ್‌ನಲ್ಲಿ, ಟ್ರೂಮನ್, ಚರ್ಚಿಲ್, ಸ್ಟಾಲಿನ್ ಎದುರು ಪಿಯಾನೊ ನುಡಿಸಿದ. ಶೋಪಾನ್ ವಾಲ್ಟ್ಸ್ ಒಂದನ್ನು ನುಡಿಸುವಾಗ ಹಾಳೆ ತಿರುವಿಕೊಟ್ಟವರು ಸ್ವತಃ ಅಧ್ಯಕ್ಷ ಟ್ರೂಮನ್. ಪತ್ರಿಕೆಗಳು ಮೆಚ್ಚಿ ಬರೆದದ್ದು ಆ ಸಂಜೆಯ ಕುರಿತು. ಆದರೆ ಲಿಸ್ಟ್ ಹಳೆಯ ನಂಟು ಬಿಡಲಿಲ್ಲ. ಮುಂದೆ ಚಾವೆಸ್‌ನದೇ ನಿರ್ದೇಶನದಲ್ಲಿ ಈ ಕಾನ್ಸರ್ಟೊವನ್ನು ಧ್ವನಿಮುದ್ರಿಸಿದ.

ಚಾವೆಸ್ ತೀರಿಕೊಂಡದ್ದು 1978ರಲ್ಲಿ. 1947ರಲ್ಲಿ ಮೆಕ್ಸಿಕೋದ ರಾಷ್ಟ್ರೀಯ ಲಲಿತಕಲಾ ಸಂಸ್ಥೆ ಹುಟ್ಟಿದಾಗ ಅದರ ಮೊದಲ ನಿರ್ದೇಶಕ ಅವನೇ. ಆ ಸಂಸ್ಥೆಗೆ ಸೇರಿದ ರಾಷ್ಟ್ರೀಯ ಸಿಂಫನಿ ವಾದ್ಯವೃಂದ, ಮೆಕ್ಸಿಕೋದವನೇ ಆದ ಹೋರ್ಹೆ ಫೆದೆರಿಕೊ ಒಸೋರಿಯೊನ ಪಿಯಾನೊದೊಂದಿಗೆ ನುಡಿಸಿದ ಈ ಕಾನ್ಸರ್ಟೊ 2013ರಲ್ಲಿ ಸಿ.ಡಿ.ಯಾಗಿ ಬಂತು. ಮೊದಲ ಪ್ರಯೋಗವಾಗಿ ಎಪ್ಪತ್ತೊಂದು ವರ್ಷ ಕಳೆದಿತ್ತು. ಅದನ್ನು ಕೇಳುವವರು ಎರಡನೆಯ ಭಾಗದಲ್ಲಿ ತುಸು ನಿಲ್ಲಬೇಕು. ಸುತ್ತಿಗೆ ತಂತಿಯನ್ನು ಮುಟ್ಟುತ್ತದೆ. ಸ್ವರ ಏಳುತ್ತದೆ, ಸವೆಯುತ್ತದೆ. ಅದು ಪೂರ್ತಿ ಆರುವ ಮುನ್ನ ಇನ್ನೊಂದು ಏಳುತ್ತದೆ.